ಪೂರ್ತಿ ಉಜ್ಜದ ಕಲ್ಲು

ಬಾರ್ನಬೆ ಕೊಲಾನ ಹೆಸರು ಯಾವ ಚಿತ್ರದ ಕೆಳಗೂ ಅಚ್ಚಾಗಿಲ್ಲ. ಆಗುವುದಾದರೂ ಹೇಗೆ? ಬೇರೆಯವರು ಬರೆದದ್ದನ್ನು ಅಳಿಸುವುದೇ ಅವನ ಕಸುಬು. ಪ್ಯಾರಿಸ್ಸಿನ ಮೊಂಪರ್ನಾಸ್ ರೈಲು ನಿಲ್ದಾಣದ ಹಿಂದುಗಡೆ ವಸ್ಸೂರ್ ಯಜಮಾನರ ಕಲ್ಲಚ್ಚಿನ ಕಾರ್ಖಾನೆಯಿತ್ತಲ್ಲ, ಅದರ ನೆಲಮಾಳಿಗೆಗೆ ಅವನು ಮೀಸೆ ಚಿಗುರುವ ವಯಸ್ಸಿನಲ್ಲಿ ಇಳಿದಿದ್ದ. ಯುದ್ಧದ ವರ್ಷಗಳನ್ನು ಬಿಟ್ಟರೆ ಮತ್ತೆ ಮೇಲೆ ಹತ್ತಿದ್ದು ಊಟಕ್ಕೆ ಮತ್ತು ಮನೆಗೆ ಮಾತ್ರ.

ಮೇಲೆ ಚಿತ್ರಕಾರರು ಜಿಡ್ಡಿನ ಕಪ್ಪು ಕಡ್ಡಿಯಿಂದ ಕಲ್ಲಿನ ಮೇಲೆ ಬರೆಯುತ್ತಿದ್ದರು. ಹಳದಿಗೊಂದು ಕಲ್ಲು, ಕೆಂಪಿಗೊಂದು, ನೀಲಿಗೊಂದು. ಒಂದೇ ಹಾಳೆ ಎಲ್ಲ ಕಲ್ಲುಗಳ ಮೇಲೂ ಮಲಗಿ ಎದ್ದರೆ ಚಿತ್ರ ಪೂರ್ತಿ. ಅಚ್ಚು ಮುಗಿದ ಕಲ್ಲುಗಳು ಬಾರ್ನಬೆಯ ತೊಟ್ಟಿಗೆ ಇಳಿಯುತ್ತಿದ್ದವು. ಅವನು ಅವುಗಳ ಮೇಲೆ ಮರಳು, ನೀರು ಸುರಿದು, ಇನ್ನೊಂದು ಕಲ್ಲನ್ನು ಬೋರಲು ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಸುತ್ತಿ ಸುತ್ತಿ ಉಜ್ಜುತ್ತಿದ್ದ. ರಾಣಿಯರು, ಹೂಕುಂಡಗಳು, ಸರ್ಕಸ್ಸಿನ ಕುದುರೆಗಳು ಎಲ್ಲ ಬೂದು ಕೆಸರಾಗಿ ಚರಂಡಿಗೆ ಹರಿಯುತ್ತಿದ್ದವು. ಒಳ್ಳೆಯ ಕಲ್ಲು ಸಿಗುವ ಗಣಿಗಳು ಬರಿದಾಗುತ್ತ ಬಂದಿದ್ದರಿಂದ ಇದ್ದವನ್ನೇ ಮತ್ತೆ ಮತ್ತೆ ಹೊಸದು ಮಾಡಬೇಕಿತ್ತು. ಹೊಗಳಿಕೆಯೆಲ್ಲ ಮೇಲಿನವರಿಗೆ, ಒದ್ದೆ ಕಾಲು ಕೆಳಗಿನವನಿಗೆ. ಲೋಕದಲ್ಲಿ ಎಲ್ಲ ಕಡೆಯೂ ಹೀಗೆಯೇ, ಅದರಲ್ಲಿ ವಿಶೇಷವೇನಿಲ್ಲ.

ಈ ಕೆಲಸದಲ್ಲಿ ದೊಡ್ಡ ಭಯವೆಂದರೆ ದೆವ್ವ. ಕಡ್ಡಿಯ ಜಿಡ್ಡು ಕಲ್ಲಿನ ಒಳಕ್ಕೂ ಇಳಿದಿರುತ್ತದೆ. ಕಣ್ಣಿಗೆ ಎಷ್ಟೇ ಬೆಳ್ಳಗೆ ಕಂಡರೂ, ಆಳಕ್ಕೆ ಉಜ್ಜದ ಕಲ್ಲಿನ ಮೇಲೆ ಹೊಸ ಚಿತ್ರ ಬರೆದು ಶಾಯಿ ಹಚ್ಚಿದರೆ ಹಳೆಯದು ದೆವ್ವದಂತೆ ಎದ್ದು ಬರುತ್ತದೆ. ಪಕ್ಕದ ಬೀದಿಯ ಕಾರ್ಖಾನೆಯೊಂದರಲ್ಲಿ ಬಿಷಪ್ಪರ ಗಡ್ಡದ ನಡುವಿನಿಂದ ಹಳೆಯ ಮದ್ಯದ ಜಾಹೀರಾತಿನ ಕುಣಿಯುವ ಹುಡುಗಿಯ ಕಾಲು ಹೊರಗೆ ಬಂದಿತ್ತಂತೆ. ಊಟದ ಹೊತ್ತಿನಲ್ಲಿ ಈ ಕಥೆ ಹೇಳಿಕೊಂಡು ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಬಾರ್ನಬೆಯ ಕಲ್ಲಿನಿಂದ ಮಾತ್ರ ಇಷ್ಟು ವರ್ಷದಲ್ಲಿ ಯಾರ ಕಾಲೂ ಹೊರಗೆ ಬಂದಿರಲಿಲ್ಲ.

"ಬಾರ್ನಬೆ ಉಜ್ಜಿದ ಅಂದ್ರೆ ಮುಗೀತು. ಆಮೇಲೆ ದೇವರೇ ಬಂದು ಹುಡುಕಿದ್ರೂ ಗುರುತು ಸಿಗಲ್ಲ" ಎಂದು ಅಚ್ಚಿನ ಯಂತ್ರ ನಡೆಸುವ ಗಿಯ್ಮೊ ಹೊಸಬರಿಗೆಲ್ಲ ಹೇಳುತ್ತಿದ್ದ. ಆಗ ಬಾರ್ನಬೆ ಕೇಳಿಸದವನಂತೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಕೂರುತ್ತಿದ್ದ. ಕೇಳಿಸುತ್ತಿತ್ತು, ಬೇಕಾದಷ್ಟು ಕೇಳಿಸುತ್ತಿತ್ತು.

ಸೇನ್ ನದಿಯ ಮೇಲೆ ಮಂಜುಗಡ್ಡೆ ತೇಲಿದ ಆ ಸಾವಿರದ ಒಂಬೈನೂರ ಅರವತ್ಮೂರರ ಚಳಿಗಾಲದಲ್ಲಿ ಅವನ ಬಲಭುಜ ಕೈಕೊಟ್ಟಿತು. ಮೊದಲು ನೋವು, ಆಮೇಲೆ ಜೋಮು, ಆಮೇಲೆ ಅರ್ಧ ಕಲ್ಲು ಉಜ್ಜುವುದರೊಳಗೆ ತೋಳು ಒದ್ದೆ ಬಟ್ಟೆಯಂತೆ ಜೋಲು ಬೀಳುವುದು. ಹೆಂಡತಿ ಒರ್ತಾನ್ಸ್ ದಿನವೂ ಕರ್ಪೂರದೆಣ್ಣೆ ತಿಕ್ಕುತ್ತಿದ್ದಳು. ಅವಳು ವಠಾರವೊಂದರ ಬಾಗಿಲು ಕಾಯುವವಳು. ಬಾಡಿಗೆದಾರರೆಲ್ಲ ಅವಳಿಗೆ ಹೆದರುತ್ತಿದ್ದರು, ಅದರಲ್ಲಿ ತಪ್ಪೇನೂ ಇರಲಿಲ್ಲ.

"ಯಜಮಾನರಿಗೆ ಹೇಳು ಮಹಾರಾಯ. ನಿನ್ನ ಭುಜವೇನು ಕದ್ದ ಮಾಲಾ, ಹೀಗೆ ಬಚ್ಚಿಡೋಕೆ?"

"ಹೇಳಿದ್ರೆ ಇಟ್ಕೊಳ್ತಾರಾ? ಕೈಯಿಲ್ಲದ ಕಲ್ಲುಜ್ಜೋನು ಯಾರಿಗೆ ಬೇಕು?"

"ಬೇಡ ಅಂದ್ರೆ ಇಲ್ಲಿ ಬಂದು ಮೆಟ್ಟಿಲು ಗುಡಿಸು. ಐದು ಮಹಡಿ ಇದೆ, ಬೇಜಾರು ಬರಲ್ಲ."

ಅವಳು ತಮಾಷೆಗೆ ಅಂದದ್ದೇ ಅವನಿಗೆ ಮುಳ್ಳಾಗಿ ಚುಚ್ಚಿತು. ನೆಲಮಾಳಿಗೆಯ ಆ ತೊಟ್ಟಿ, ಮರಳಿನ ಆ ಸದ್ದು, ಮಧ್ಯಾಹ್ನದ ಆ ಹಾಳು ಬಿಷಪ್ಪನ ಕಥೆ, ಇವನ್ನು ಬಿಟ್ಟರೆ ತಾನು ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಹಾಗಾಗಿ ಒಂದು ಉಪಾಯ ಹೂಡಿದ. ತೋಳು ಸೋತ ಕಡೆ ನಿಲ್ಲಿಸುವುದು, ಮೇಲೆ ನುಣುಪು ಮರಳು ಸವರಿ ಕಲ್ಲನ್ನು ಬೆಳ್ಳಗೆ ಕಾಣುವಂತೆ ಮಾಡುವುದು, ಗೋಡೆಗೆ ಮುಖ ಮಾಡಿಸಿ ನಿಲ್ಲಿಸುವುದು, ಉಳಿದದ್ದನ್ನು ಮಾರನೆಯ ದಿನ ಕದ್ದುಮುಚ್ಚಿ ಮುಗಿಸುವುದು. ಇದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ವಸಂತದಲ್ಲಿ ಮೇಲಿನ ಯಂತ್ರದ ಮೇಲಿದ್ದದ್ದು ಮದಾಮ್ ಝೆಲಿಗ್ ಅವರ ಮೀನಿನ ಚಿತ್ರ. ವಿಲ್ನಾದಿಂದ ಬಂದ ಯಹೂದಿ ಹೆಂಗಸು. ಗಿಡ್ಡ ಮೈ, ಬಾಯಲ್ಲಿ ಸದಾ ಸಿಗರೇಟು, ಯಾರಿಗೂ ಸೊಪ್ಪು ಹಾಕದ ಸ್ವಭಾವ. ಯುದ್ಧದಲ್ಲಿ ಗಾಜೆಲ್ಲ ಒಡೆದುಹೋಗಿದ್ದ ಲೊರೇನ್ ಕಡೆಯ ಒಂದು ಸಿನಗಾಗ್‌ಗೆ ಅವರು ಹೊಸ ಬಣ್ಣದ ಗಾಜಿನ ಕಿಟಕಿಗಳನ್ನು ಮಾಡಿಕೊಟ್ಟಿದ್ದರು. ಅದರಲ್ಲೊಂದು, ದೊಡ್ಡ ಮೀನು ನುಂಗಿ ಮೂರು ದಿನದ ಮೇಲೆ ಜೀವಂತ ಕಕ್ಕಿದ ಪ್ರವಾದಿ ಯೋನನದು. ಅದನ್ನೇ ಕಾಗದದ ಮೇಲೂ ತರಬೇಕೆಂದು ಅವರ ಹಟ. ಯಹೂದಿಗಳ ಪ್ರಾರ್ಥನೆಯ ಮನೆಯಲ್ಲಿ ಮನುಷ್ಯರನ್ನು ಚಿತ್ರಿಸುವ ವಾಡಿಕೆ ಇಲ್ಲದ್ದರಿಂದ ಯೋನನ ಮುಖ ಬರೆದಿರಲಿಲ್ಲ. ಗಾಜಿನ ಚೂರುಗಳನ್ನು ಕೂಡಿಸುವ ಸೀಸದ ಪಟ್ಟಿಗಳಂಥ ದಪ್ಪ ಕಪ್ಪು ಗೆರೆಗಳ ನಡುವೆ ಹಾಳೆ ತುಂಬ ಒಂದು ಮೀನು, ಅದರ ಸುತ್ತ ಸಮುದ್ರ, ಹೊಟ್ಟೆಯೊಳಗೆ ಹಳದಿಯ ಒಂದು ಚೂರು ಬೆಳಕು. ಒಳಗೆ ಯಾರೋ ಬದುಕಿದ್ದಾರೆ ಅನ್ನುವುದು ಅಷ್ಟರಿಂದಲೇ ತಿಳಿಯುತ್ತಿತ್ತು.

ಮದಾಮರ ಕಣ್ಣಿಗೆ ಪೊರೆ ಬಂದಿತ್ತು. "ಈ ದರಿದ್ರ ಕಣ್ಣು ಮೊದಲು ನೀಲೀನೇ ತಿನ್ನುತ್ತೆ. ಪೂರ್ತಿ ತಿನ್ನೋ ಮುಂಚೆ ಬರೆದುಬಿಡ್ತೀನಿ" ಎಂದು ಅವರು ಕಿಟಕಿಯ ಬೆಳಕಿಗೆ ಕೂತು, ಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿ, ಕಪ್ಪು ಕಡ್ಡಿಯಲ್ಲಿ ನೀಲಿಯನ್ನು ಬರೆದರು. ಪರೀಕ್ಷೆಗೆ ತೆಗೆದ ಹಾಳೆಯನ್ನು ನೋಡಿ "ಹೂಂ, ಸಮುದ್ರದ ಹಾಗೇ ಇದೆ" ಎಂದು ಒಪ್ಪಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದರು. ಯಂತ್ರದ ಮೇಲೆ ಇನ್ನೂ ನೇರಳೆ ಓಡುತ್ತಿತ್ತು. ಅದು ಮುಗಿಯುವವರೆಗೆ ಒಲೆಯ ಬಿಸಿ ತಾಗದಿರಲೆಂದು ನೀಲಿ ಕಲ್ಲನ್ನು ತಂಪಾದ ನೆಲಮಾಳಿಗೆಗೆ ಇಳಿಸಿದರು.

ಇಳಿಸಿದ ದಿನ ಬಾರ್ನಬೆ ಅಲ್ಲಿರಲಿಲ್ಲ. ಭುಜ ಎತ್ತಲೂ ಆಗದೆ, ನೆಗಡಿ ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲಿ ಮಲಗಿದ್ದ. ಕೆಲಸಕ್ಕೆ ಮರಳಿದಾಗ ತೊಟ್ಟಿಯ ಪಕ್ಕದಲ್ಲೇ ಮೀನಿನ ಕಲ್ಲು ನಿಂತಿತ್ತು. ಓಹೋ, ನಾನಿಲ್ಲದಾಗ ನೀಲಿಯೂ ಅಚ್ಚಾಗಿ ಮುಗಿದಿದೆ ಎಂದುಕೊಂಡ. ಆದರೂ ಕೈ ಹಾಕಲಿಲ್ಲ. ಕಾರ್ಖಾನೆಯಲ್ಲಿ ಅದಕ್ಕೊಂದು ಪದ್ಧತಿಯಿತ್ತು. ಒಂದು ಚಿತ್ರದ ಕಡೆಯ ಹಾಳೆ ಇಳಿದ ಮೇಲೆ ಯಂತ್ರದ ಬುಡದಲ್ಲಿ ಸೀಸೆ ಬಿಚ್ಚುತ್ತಿದ್ದರು, ಅಚ್ಚಿನವನು ಒಂದು ಲೋಟ ಕೆಂಪು ವೈನನ್ನು ಕಲ್ಲುಜ್ಜುವವನಿಗೆ ಕೆಳಗೆ ಕೊಟ್ಟುಹೋಗುತ್ತಿದ್ದ. ಲೋಟ ಇಳಿಯಿತೆಂದರೆ ಕಲ್ಲುಗಳು ಅವನ ಪಾಲು. ಹುಟ್ಟುಹಬ್ಬ, ನಾಮಕರಣಗಳ ಕುಡಿತವೇ ಬೇರೆ. ಅದಕ್ಕೆ ಎಲ್ಲರನ್ನೂ ಮೇಲೆ ಕೂಗುತ್ತಿದ್ದರು, ಲೋಟ ಕೆಳಗೆ ಬರುತ್ತಿರಲಿಲ್ಲ.

ಬೆಳಗಿನ ಹೊತ್ತು ಯಂತ್ರ ನಿಂತಿತು. ಮೇಲೆ ಗಲಾಟೆ, ನಗು. ಗಿಯ್ಮೊ ಧಡಧಡ ಇಳಿದು ಬಂದು ಮೆಟ್ಟಿಲ ಮೇಲೆ ಲೋಟ ಇಟ್ಟ.

"ಕುಡಿಯಪ್ಪಾ ಮುದುಕ, ನೆಗಡಿಗೂ ಒಳ್ಳೇದು!" ಎಂದವನೇ ಮೇಲಿನಿಂದ ಯಾರೋ ಕೂಗಿದರೆಂದು ಓಡಿದ.

ಬಾರ್ನಬೆ ಕುಡಿದ. ಟರ್ಪೆಂಟೈನಿನಿಂದ ಕಲ್ಲಿನ ಮೇಲಿನ ಶಾಯಿ ಒರೆಸಿದ. ಮರಳು ಸುರಿದ. ಎಂದಿನಂತೆ ಎಡಗಡೆಯ ಮೇಲ್ಮೂಲೆಯಿಂದ ಶುರು ಮಾಡಿದ. ಮೊದಮೊದಲು ತೋಳಿಗೆ ಶಕ್ತಿಯಿತ್ತು, ಆ ಮೂಲೆ ಚೆನ್ನಾಗಿಯೇ ಸವೆಯಿತು. ಬಾಲದ ಹತ್ತಿರ ಬರುವಾಗ ಭುಜ ಉರಿಯತೊಡಗಿತು, ಹೊಟ್ಟೆಯ ಹತ್ತಿರ ಬರುವಾಗ ಕಣ್ಣಲ್ಲಿ ನೀರು ಬಂತು. ಉಳಿದದ್ದಕ್ಕೆ ನುಣುಪು ಮರಳು ಸವರಿದ. ಕಲ್ಲು ಬೆಳ್ಳಗೆ, ಕೂಸಿನ ಮೈಯಂತೆ ಕಂಡಿತು. ಗೋಡೆಗೆ ತಿರುಗಿಸಿ ಇಟ್ಟು, ಲೋಟ ಹಿಂದಕ್ಕೆ ಕೊಡಲು ಮೇಲೆ ಹತ್ತಿದ.

"ಅಂತೂ ಮೀನು ದಡ ಸೇರ್ತು" ಎಂದ.

"ಮೀನಾ?" ಗಿಯ್ಮೊನ ಮುಖ ಇನ್ನೂ ನಗುತ್ತಿತ್ತು. "ನೀಲಿ ಇನ್ನೂ ಶುರುವೇ ಆಗಿಲ್ಲವಲ್ಲೋ. ನೇರಳೆ ಇವತ್ತು ಮುಗಿಯುತ್ತೆ, ನಾಳೆ ನೀಲಿ. ಈ ಲೋಟ ನನ್ನ ಮೊಮ್ಮಗಳದು! ಬೆಳಗ್ಗೆ ಹುಟ್ಟಿದಳು. ನಿನಗೆ ಹುಷಾರಿಲ್ಲ, ಮೆಟ್ಟಿಲು ಹತ್ತಿಸೋದು ಯಾಕೆ ಅಂತ ನಾನೇ ತಂದೆ."

ಬಾರ್ನಬೆಯ ಕೈಯಿಂದ ಲೋಟ ಬೀಳಲಿಲ್ಲ, ಏನೂ ಆಗಲಿಲ್ಲ. ಅವನು ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, "ನಾನು ಉಜ್ಜಿಬಿಟ್ಟೆ" ಎಂದ.

ಆಮೇಲಿನದು ಸಾವಿನ ಮನೆಯ ಹಾಗೆ. ವಸ್ಸೂರ್ ಯಜಮಾನರು ಕೆಳಗಿಳಿದು ಬಂದು ಬೆಳ್ಳನೆಯ ಕಲ್ಲನ್ನು ನೋಡಿ ಮೆಟ್ಟಿಲ ಮೇಲೆ ಕುಸಿದರು. ಆಸ್ಪತ್ರೆಯಲ್ಲಿ ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು ಮಲಗಿರುವ ಮುದುಕಿ ಮತ್ತೆ ಇದನ್ನು ಬರೆಯುವುದುಂಟೇ? ಬರೆದರೂ ಇದೇ ಸಮುದ್ರ ಬರುವುದುಂಟೇ? ಗಿಯ್ಮೊ ಎದೆ ಬಡಿದುಕೊಂಡ. "ನನ್ನ ತಪ್ಪು, ಯಜಮಾನ್ರೇ. ಲೋಟ ಇಳಿಸಬಾರದಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!"

"ಯಾರ ತಪ್ಪೂ ಅಲ್ಲ" ಎಂದರು ವಸ್ಸೂರ್. "ಲೋಟ ಬಂತು, ಅವನು ಉಜ್ಜಿದ. ಬೇರೆ ಯಾರಾದ್ರೂ ಉಜ್ಜಿದ್ರೆ ದೆವ್ವ ಏನಾದ್ರೂ ಉಳಿದಿದೆಯಾ ಅಂತ ನೋಡಬಹುದಿತ್ತು. ಬಾರ್ನಬೆ ಉಜ್ಜಿದ ಕಲ್ಲಲ್ಲಿ ಏನು ಹುಡುಕೋದು? ಅವನ ಒಳ್ಳೇ ಕೆಲಸವೇ ಇವತ್ತು ನಮಗೆ ಶತ್ರುವಾಯ್ತು." ಎದ್ದು, ಬಾರ್ನಬೆಯ ಬೆನ್ನು ತಟ್ಟಿ, ಆಸ್ಪತ್ರೆಗೆ ಹೋಗಿ ಮದಾಮರಿಗೆ ತಿಳಿಸಲು ಕೋಟು ತರಿಸಿಕೊಂಡರು.

ಬಾರ್ನಬೆ ತೊಟ್ಟಿಯ ಅಂಚು ಹಿಡಿದು ನಿಂತಿದ್ದ. ಸುಮ್ಮನಿದ್ದರೆ ಸಾಕಾಗಿತ್ತು. ಯಾರೂ ಬೈದಿರಲಿಲ್ಲ, ಬೈಯುವವರೂ ಇರಲಿಲ್ಲ. ಬೆನ್ನು ಬೇರೆ ತಟ್ಟಿದ್ದರು. ಬಾಯಿ ಬಿಟ್ಟರೆ ಮೀನು ಉಳಿಯಬಹುದು, ಅದೂ ಖಾತ್ರಿಯಿಲ್ಲ. ಆದರೆ ಬಾರ್ನಬೆ ಎಂಬ ಹೆಸರು ಮಾತ್ರ ಖಾತ್ರಿಯಾಗಿ ಹೋಗುತ್ತದೆ, ಅದರ ಹಿಂದೆಯೇ ಕೆಲಸವೂ. ಯಜಮಾನರು ಕೋಟಿಗೆ ಒಂದು ತೋಳು ತೂರಿಸಿದರು. ಇನ್ನೊಂದು ತೋಳು ತೂರಿಸಿದರು. ಟೋಪಿಗೆ ಕೈ ಚಾಚಿದರು. ಮದಾಮ್ ಕಲ್ಲಿಗೆ ಮೂಗು ತಾಗಿಸಿ ಕೂತಿದ್ದು ಬಾರ್ನಬೆಯ ಕಣ್ಣಿಗೆ ಬಂತು.

"ಪೂರ್ತಿ ಉಜ್ಜಿಲ್ಲ" ಎಂದ.

"ಏನು?"

"ಪೂರ್ತಿ ಉಜ್ಜಿಲ್ಲ ಯಜಮಾನ್ರೇ. ಮೇಲೆ ಮೇಲೆ ಸವರಿದೀನಿ. ನನ್ನ ಕೈಲಿ ಆಗಲ್ಲ. ಕ್ರಿಸ್ಮಸ್ಸಿಂದ ಆಗ್ತಾ ಇಲ್ಲ. ನೆಗಡಿಯೂ ಸುಳ್ಳು. ಭುಜ ಹೋಗಿದೆ." ಒಂದೇ ಉಸಿರಿಗೆ ಹೇಳಿದ, ಹೇಳಿ ಗೋಡೆಯ ಕಡೆ ತಿರುಗಿದ.

ವಸ್ಸೂರ್ ಅವರು ಟೋಪಿಯನ್ನು ಮರಳಿನ ಗುಡ್ಡೆಯ ಮೇಲೆ ಎಸೆದರು. ಕೋಟಿನಲ್ಲೇ ಕಲ್ಲಿನ ಮುಂದೆ ಮಂಡಿಯೂರಿದರು. ಮೊದಲು ಹುಳಿನೀರಿನಲ್ಲಿ ತೊಳೆದರು, ಆಮೇಲೆ ಅಂಟಿನ ನೀರು ಸವರಿ, ಜಿಡ್ಡಿನ ಶಾಯಿಯನ್ನು ಸ್ಪಂಜಿಗೆ ಹಚ್ಚಿ ಮೆಲ್ಲಗೆ ಒತ್ತತೊಡಗಿದರು. ಒಳಗೆ ಜಿಡ್ಡು ಉಳಿದಿದ್ದರೆ ಅದು ಶಾಯಿಯ ಜಿಡ್ಡನ್ನು ಕರೆಯಬೇಕು, ಅಷ್ಟೇ ನಂಬಿಕೆ. ಬೆಳ್ಳನೆಯ ಕಲ್ಲು ಬೆಳ್ಳಗೇ ಇತ್ತು. ಇನ್ನೊಮ್ಮೆ ಒತ್ತಿದರು. ಬೆಳ್ಳಗೇ ಇತ್ತು. ಗಿಯ್ಮೊ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಇನ್ನೊಮ್ಮೆ ಒತ್ತಿದಾಗ ಕೆಳಗಡೆ ಬೂದಿಯಂಥದ್ದೇನೋ ಮಸುಕಾಗಿ ನಿಂತಿತು, ಒರೆಸಿದರೂ ಹೋಗಲಿಲ್ಲ. ಅಲೆ. ಅದರ ಮೇಲೆ ಇನ್ನೊಂದು ಅಲೆ. ಆಮೇಲೆ ರೆಕ್ಕೆ, ಹೊಟ್ಟೆಯ ಬಾಗು, ಬಾಲ.

"ಬಂತು!" ಗಿಯ್ಮೊ ಕಿರುಚಿದ. "ಯೋನನನ್ನ ಮೀನು ಕಕ್ಕಿತ್ತಂತೆ, ಇಲ್ಲಿ ಕಲ್ಲು ಮೀನನ್ನೇ ಕಕ್ತಾ ಇದೆ ನೋಡ್ರೋ!" ಕಿರುಚುತ್ತಲೇ ಅವನು ಅಳುತ್ತಿದ್ದ, ಅವತ್ತು ಅವನಿಗೆ ಅಳಲು ಎಷ್ಟೊಂದು ಕಾರಣಗಳಿದ್ದವು.

ಮೇಲಿನ ಎಡಮೂಲೆ ಮಾತ್ರ ಬರಲಿಲ್ಲ. ತೋಳಿನಲ್ಲಿ ಶಕ್ತಿಯಿದ್ದಾಗ ಉಜ್ಜಿದ ಆ ಒಂದು ಮೂಲೆಯ ಸಮುದ್ರ ನಿಜವಾಗಿ ಹೋಗಿತ್ತು. ಉಳಿದದ್ದೆಲ್ಲ ಸ್ವಲ್ಪ ತೆಳುವಾಗಿ, ಆದರೆ ಒಂದು ಗೆರೆಯೂ ತಪ್ಪದೆ ಅಲ್ಲಿತ್ತು.

ವಸ್ಸೂರ್ ನೆಲದ ಮೇಲೇ ಕೂತು ಕೈ ಒರೆಸಿಕೊಂಡರು. ಬಾರ್ನಬೆ ಏಪ್ರನ್ನಿನ ಗಂಟು ಬಿಚ್ಚುತ್ತಿದ್ದ. ಬಲಗೈ ಹಿಂದಕ್ಕೆ ಹೋಗದೆ ಎಡಗೈಯಲ್ಲೇ ತಡಕಾಡುತ್ತಿದ್ದ.

"ಎಲ್ಲಿಗೆ ಹೊರಟೆ?"

"ಮನೆಗೆ. ಮೆಟ್ಟಿಲು ಗುಡಿಸೋಕೆ."

"ಲೇ, ನಿನಗೊಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬಾರದು" ಎಂದು ಯಜಮಾನರು ತಲೆ ತಗ್ಗಿಸಿದರು. "ಕಲ್ಲು ಉಜ್ಜೋ ಯಂತ್ರ ಬಂದಿದೆ. ಬಂದು ಎಷ್ಟೋ ಕಾಲ ಆಯ್ತು. ಊರಲ್ಲಿ ಎಲ್ಲರ ಹತ್ತಿರ ಇದೆ. ತರಿಸಬೇಕು ಅಂತ ನನಗೆ ಆಸೆ. ತರಿಸಿದ್ರೆ ನಿನಗೆ ಅವಮಾನ ಆಗುತ್ತೆ ಅಂತ ಬಾಯಿ ಮುಚ್ಕೊಂಡು ಕೂತಿದೀನಿ."

ಬಾರ್ನಬೆ ಅವರನ್ನೇ ನೋಡಿದ. ತಾನು ಹಲ್ಲು ಕಚ್ಚಿ ಕಳೆದ ಚಳಿಗಾಲವೆಲ್ಲ ಕಣ್ಣ ಮುಂದೆ ಬಂತು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನೀನು ಹೇಳಬಾರದಿತ್ತಾ?"

"ಅದನ್ನ ನಡೆಸೋರು ಯಾರು?"

"ಇನ್ಯಾರು, ಗಿಯ್ಮೊನ ಮೊಮ್ಮಗಳಾ? ಯಂತ್ರಕ್ಕೆ ಮರಳು ಯಾವಾಗ ಸಾಕು, ಯಾವಾಗ ಸಾಲದು ಅಂತ ಗೊತ್ತಾಗುತ್ತಾ? ಏಪ್ರನ್ನಿನ ಗಂಟು ಕಟ್ಟಯ್ಯಾ ಸುಮ್ಮನೆ."

ಗಂಟನ್ನು ಗಿಯ್ಮೊ ಕಟ್ಟಿದ. ಬಾರ್ನಬೆಯ ಮೈಯಿಂದ ಎಷ್ಟೋ ಕಾಲದ ಹೊರೆ ಇಳಿದಂತಾಗಿ, ಅವನು ತೊಟ್ಟಿಯ ಅಂಚಿನಲ್ಲೇ ಕೂತ. ಮನೆಯಲ್ಲಿ ಒರ್ತಾನ್ಸ್ ಎಲ್ಲ ಕೇಳಿ, "ಕ್ರಿಸ್ಮಸ್ಸಿಂದ ನಾನು ಬಡ್ಕೊಂಡಿದ್ದು ಇದನ್ನೇ" ಎಂದು ಬೈದು, ಆಮೇಲೆ ಅವನ ತಲೆಯನ್ನು ಹೊಟ್ಟೆಗೊತ್ತಿಕೊಂಡು ಬಹಳ ಹೊತ್ತು ನಿಂತಳು. ಈರುಳ್ಳಿ ಸೂಪು ತಳ ಹಿಡಿಯಿತು, ಇಬ್ಬರೂ ಅದನ್ನೇ ಉಂಡರು.

ನೀಲಿಯ ಅಚ್ಚನ್ನು ಯಜಮಾನರು ಮದಾಮ್ ಬರುವವರೆಗೆ ನಿಲ್ಲಿಸಿದರು. ಬೇಸಿಗೆ ಹತ್ತಿರವಾದಾಗ ಅವರು ಬಂದರು, ಮೂಗಿನ ಮೇಲೆ ಸೀಸೆಯ ತಳದಂಥ ಕನ್ನಡಕ. ಒಬ್ಬರ ಕೈಯನ್ನೂ ಹಿಡಿಯದೆ ನೆಲಮಾಳಿಗೆಗೆ ಇಳಿದರು.

"ನನ್ನ ಸಮುದ್ರದ ಮೂಲೆ ನುಂಗಿದೋನು ನೀನೇನಾ?"

"ನಾನೇ, ಮದಾಮ್."

"ಸುತ್ತಮುತ್ತ ಇಷ್ಟು ನೀಲಿ ಇತ್ತಲ್ಲಯ್ಯಾ, ನನಗೆ ಗೊತ್ತೇ ಇರಲಿಲ್ಲ. ನಿನ್ನ ಅಂಗಿ ನೋಡು, ಎಂಥ ನೀಲಿ! ಬಾ, ಹಲಗೆ ಹಿಡಿ."

ಬರೆಯುವ ಕೈ ಕಲ್ಲಿಗೆ ತಾಗಿ ಜಿಡ್ಡಾಗದಂತೆ ಊರಿಕೊಳ್ಳಲು ಒಂದು ಹಲಗೆ ಬೇಕು. ಅದನ್ನಿಡುವ ಮೇಜು ಮೇಲಿನ ಕೋಣೆಯಲ್ಲಿತ್ತು. ಕಲ್ಲನ್ನು ಹತ್ತಿಸುವವರೆಗೆ ಕಾಯಲಾರದೆ ಮದಾಮ್ ಅಲ್ಲೇ ಕೂತಿದ್ದರು. ಬಾರ್ನಬೆ ಹಲಗೆಯನ್ನು ಕಲ್ಲಿನ ಮೇಲೆ ಅಡ್ಡ ಹಿಡಿದು ನಿಂತ. ಅವರು ಬೈಯುತ್ತ, ಸಿಗರೇಟಿನ ಬೂದಿ ಬೀಳಿಸುತ್ತ, ಹೋದ ಅಲೆಗಳನ್ನು ಒಂದೊಂದಾಗಿ ಎಳೆದರು. ಸ್ವಲ್ಪ ಹೊತ್ತಿಗೆ ಅವನ ಭುಜದಲ್ಲಿ ಉರಿ ಎದ್ದಿತು. ಹಳೆಯ ಅಭ್ಯಾಸದಂತೆ ಹಲ್ಲು ಕಚ್ಚಿದ. ಕಚ್ಚಿದ್ದನ್ನು ಬಿಟ್ಟ.

"ಮದಾಮ್, ತಡೀರಿ. ನನ್ನ ಭುಜ ನೋಯ್ತಾ ಇದೆ."

ಅವರು ತಕ್ಷಣ ಕಡ್ಡಿ ಕೆಳಗಿಟ್ಟು, ಕನ್ನಡಕ ತೆಗೆದು, ಎರಡೂ ಅಂಗೈಯಿಂದ ಕಣ್ಣೊತ್ತಿಕೊಂಡರು.

"ಪುಣ್ಯಾತ್ಮ, ಮೊದಲೇ ಹೇಳೋಕೇನಾಗಿತ್ತು? ನನಗೂ ಕಣ್ಣು ಉರಿದು ಪ್ರಾಣ ಹೋಗ್ತಾ ಇದೆ. ನೀನು ನಿಂತೇ ಇದ್ದೀಯಲ್ಲಾ ಅಂತ ನಾನೂ ಬಿಡದೆ ಎಳೀತಾ ಇದ್ದೆ."

ಬಾರ್ನಬೆ ಹಲಗೆಯನ್ನು ಗೋಡೆಗೆ ಒರಗಿಸಿದ. ಇಬ್ಬರೂ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತು, ಒರ್ತಾನ್ಸ್ ಕಟ್ಟಿಕೊಟ್ಟಿದ್ದ ಬ್ರೆಡ್ಡು ಚೀಸನ್ನು ಹಂಚಿಕೊಂಡು ತಿಂದರು. ಉಳಿದ ಸಮುದ್ರವನ್ನು ಊಟವಾದ ಮೇಲೆ ಬರೆದರು.